ನಾಣ್ಯವೋ ಬಟನ್ ಸೆಲ್ಲೋ?

"ನಾಣ್ಯ ನುಂಗಿದಾನೆ ಸಾರ್, ಕೆಳಗಿಳೀಲಿ ಅಂತ ಅಜ್ಜಿ ಬಾಳೆಹಣ್ಣು ತಿನ್ಸಿದ್ರು." ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹಣ್ಣಿಗೆ ನಾಣ್ಯ ಇಳಿಯುವ ಖಾತ್ರಿ ಇಲ್ಲ. ಹೊಟ್ಟೆ ತುಂಬಿತೆಂದು ಅರಿವಳಿಕೆಗೆ ಗಂಟೆಗಟ್ಟಲೆ ಕಾಯಬೇಕಾಗುವುದು ಮಾತ್ರ ಖಾತ್ರಿ. ಬೆರಳು ಹಾಕುವುದು, ವಾಂತಿ ಮಾಡಿಸುವುದು ಇನ್ನೂ ಕೆಟ್ಟದ್ದು.

ಉಸಿರಾಟ ಸರಿಯಿದ್ದು, ಎಂಜಲು ನುಂಗುತ್ತಿದ್ದರೆ ನಾಣ್ಯಕ್ಕೆ ಸ್ವಲ್ಪ ಸಮಯ ಕೊಡಬಹುದು. ಬಟನ್ ಸೆಲ್ಲಿಗೆ, ಅಂದರೆ ನಾಣ್ಯದಂತೆ ಕಾಣುವ ಪುಟ್ಟ ಚಪ್ಪಟೆ ಬ್ಯಾಟರಿಗೆ, ಕೊಡುವಂತಿಲ್ಲ. ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ಹಾಗಾಗಿ ಎದುರಿನಿಂದೊಂದು, ಪಕ್ಕದಿಂದೊಂದು ಎಕ್ಸ್‌ರೇ ತೆಗೆಸಿ, ದೊಡ್ಡದು ಮಾಡಿ ಅಂಚು ನೋಡುತ್ತೇನೆ. ಬಳೆಯೊಳಗೆ ಬಳೆ ಇಟ್ಟಂತೆ ಜೋಡಿ ಗೆರೆ, ಪಕ್ಕದ ಚಿತ್ರದಲ್ಲಿ ಸಣ್ಣ ಮೆಟ್ಟಿಲು ಕಂಡರೆ ಅದು ಸೆಲ್.

ಒಮ್ಮೆ ನಾಣ್ಯ ಎಂದು ಚೀಟಿ ಬರೆಸಿಕೊಂಡು ಬಂದ ಮಗುವಿನ ಚಿತ್ರದಲ್ಲಿ ಆ ಜೋಡಿ ಗೆರೆ ಕಂಡಿತು. "ಮನೇಲಿ ರಿಮೋಟು, ತೂಕದ ಮಷೀನು ಏನಾದ್ರೂ ಬಿಚ್ಚಿ ಬಿದ್ದಿದೆಯಾ ಕೇಳಿ ಅಮ್ಮ" ಎಂದೆ. ಫೋನು ಮಾಡಿದರೆ, ಕಾರಿನ ಕೀ ಸೋಫಾ ಕೆಳಗೆ ಬಾಯಿಬಿಟ್ಟುಕೊಂಡು ಬಿದ್ದಿತ್ತು. ಒಳಗಿರಬೇಕಾದದ್ದು ಸಿಆರ್ 2032 ಎಂಬ ಸೆಲ್: 20 ಮಿ.ಮೀ. ಅಗಲ, 3 ವೋಲ್ಟ್. ಮಗು ಊಟ ಮಾಡಿತ್ತು, ಆದರೂ ಕಾಯಲಿಲ್ಲ. ಅರಿವಳಿಕೆ ವೈದ್ಯರು ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ಉಸಿರಿನ ದಾರಿ ಭದ್ರ ಮಾಡಿದ ಮೇಲೆ ಅನ್ನನಾಳದೊಳಗೆ ನೋಡುವ ಗಟ್ಟಿ ಕೊಳವೆಯ ಈಸೋಫ್ಯಾಗೋಸ್ಕೋಪ್ ಇಳಿಸಿದೆ. ಅನ್ನನಾಳದ ಬಾಯಲ್ಲೇ ಕಪ್ಪು ನೊರೆ, ಅದರ ನಡುವೆ ಲೋಹದ ಹೊಳಪು. ಫೋರ್ಸೆಪ್ಸ್ ಎಂಬ ಇಕ್ಕಳದಲ್ಲಿ ಅಂಚು ಹಿಡಿದು, ಸ್ಕೋಪ್, ಫೋರ್ಸೆಪ್ಸ್, ಸೆಲ್ ಮೂರನ್ನೂ ಒಟ್ಟಿಗೇ ಹೊರಗೆಳೆದೆ.

ತೆಗೆದರೆ ಮುಗಿಯಲಿಲ್ಲ. ಮತ್ತೆ ಒಳಗೆ ನೋಡಲೇಬೇಕು. ಸೆಲ್ಲಿನ ಮೈನಸ್ ಬದಿ ತಾಗಿದ ಕಡೆ ಕ್ಷಾರ ಹುಟ್ಟಿ ಸುಟ್ಟಿರುತ್ತದೆ. ಆ ಬದಿ ಮುಂದಕ್ಕೆ ಮುಖ ಮಾಡಿದ್ದರೆ ಎದುರಿಗಿರುವ ಶ್ವಾಸನಾಳದ ಚಿಂತೆ. ತೂತಾಗಿಲ್ಲ ಎಂದು ಖಚಿತವಾದ ಮೇಲೆ ಆ ಕ್ಷಾರ ತಣಿಸಲು 0.25% ಅಸಿಟಿಕ್ ಆಮ್ಲದಿಂದ ತೊಳೆದೆವು.

ಸೆಲ್ ನುಂಗಿದ್ದು 12 ಗಂಟೆಯೊಳಗೆ ಗೊತ್ತಾದರೆ, ಮಗುವಿಗೆ ಒಂದು ವರ್ಷ ದಾಟಿದ್ದು ನುಂಗಲು ಆಗುತ್ತಿದ್ದರೆ, ಆಸ್ಪತ್ರೆಯ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಿ; ಆರು ಸಲ ಸಾಕು. ಜೇನು ಹುಡುಕುತ್ತಾ ಹೊರಡುವುದು ತಡ ಮಾಡಬೇಡಿ.

ಮನೆಗೆ ಕಳಿಸುವಾಗ ಆ ತಾಯಿಗೆ ಹೇಳಿದ್ದಿಷ್ಟು: ಸುಟ್ಟ ಗಾಯ ವಾರಗಳ ನಂತರವೂ ಒಡೆಯಬಹುದು. ಬಾಯಲ್ಲಿ ಒಂದು ತೊಟ್ಟು ರಕ್ತ ಕಂಡರೂ, ಮಲ ಕಪ್ಪಗಾದರೂ ಬೆಳಗಾಗಲಿ ಎಂದು ಕಾಯದೆ ಬಂದುಬಿಡಿ.