ಜರ್ಮನಿಯಲ್ಲಿ ಸಬ್ಜೆಕ್ಟ್ ಹೋದರೆ: ಅಂಕಕ್ಕಿಂತ ಮೊದಲು ಸಲ ಎಣಿಸಿ

ಮಾರ್ಚ್‌ನಲ್ಲಿ ನಾನು ಜರ್ಮನಿಯಿಂದ ರಜೆಗೆ ಮೈಸೂರಿಗೆ ಬಂದಿದ್ದಾಗ ಮಂಡ್ಯದ ಹುಡುಗನೊಬ್ಬ ಕುವೆಂಪುನಗರದ ನಮ್ಮ ಮನೆಗೆ ಬಂದ. ಅವನೂ ಜರ್ಮನಿಯಲ್ಲೇ ಮಾಸ್ಟರ್ಸ್ ಮಾಡುತ್ತಿದ್ದಾನೆ, ಪರೀಕ್ಷೆ ಮುಗಿಸಿ ಎರಡು ವಾರಕ್ಕೆ ಊರಿಗೆ ಬಂದಿದ್ದ. ಅಮ್ಮ ಕೊಟ್ಟ ಕಾಫಿ ಆರುವ ತನಕ ಲೋಟ ಹಿಡಿದುಕೊಂಡೇ ಕೂತಿದ್ದ. ಆಮೇಲೆ ಕೇಳಿದ: "ಅಣ್ಣಾ, ಒಂದು ಸಬ್ಜೆಕ್ಟ್ ಎರಡು ಸಲ ಹೋಯ್ತು. ಮೂರನೇ ಸಲಾನೂ ಹೋದ್ರೆ, ನಾಲ್ಕನೇ ಸಲಕ್ಕೆ ಫೀಸ್ ಎಷ್ಟು ಕಟ್ಟಬೇಕು?"

ಅವನ ಕೋರ್ಸಿನಲ್ಲಿ ನಾಲ್ಕನೇ ಸಲ ಅನ್ನೋದೇ ಇಲ್ಲ. ಅದು ಅವನಿಗೆ ಗೊತ್ತಿರಲಿಲ್ಲ. ತಪ್ಪು ಅವನದೊಂದೇ ಅಂತ ನಾನು ಹೇಳುವುದಿಲ್ಲ. ನಮ್ಮ ಕಡೆ ಇಂಜಿನಿಯರಿಂಗ್ ಓದಿದವರೆಲ್ಲ ಬ್ಯಾಕ್‌ಲಾಗ್ ಅಂದರೆ ಫೀಸ್ ಕಟ್ಟಿ ಮತ್ತೆ ಬರೆಯೋದು ಅಂತಲೇ ಬೆಳೆದವರು. ಇಲ್ಲಿ ಸಬ್ಜೆಕ್ಟ್ ಹೋದರೆ ಮೊದಲು ಕಾಡುವುದು ಮಾನ, ಆಮೇಲೆ ಪ್ಲೇಸ್‌ಮೆಂಟ್. ಜರ್ಮನಿಯಲ್ಲಿ ಫೇಲಾದರೆ ಯಾರೂ ನಿಮ್ಮ ಕಡೆ ತಿರುಗಿ ಕೂಡ ನೋಡಲ್ಲ, ಪಕ್ಕದಲ್ಲಿ ಕೂತ ಜರ್ಮನ್ ಹುಡುಗನೂ ಫೇಲಾಗಿರುತ್ತಾನೆ. ಆದರೆ ಸುಮ್ಮನೆ ಒಂದು ಲೆಕ್ಕ ಓಡುತ್ತಿರುತ್ತದೆ, ಅದು ಮುಗಿದ ದಿನ ಕೋರ್ಸೇ ಮುಗಿಯುತ್ತದೆ.

ಮೊದಲು ಅಂಕದ ಮಾತು. ಅಲ್ಲಿ 1.0 ಎಲ್ಲಕ್ಕಿಂತ ಒಳ್ಳೆಯದು, 4.0 ಬಂದರೆ ಪಾಸ್, 5.0 ಅಂದರೆ ಫೇಲ್. ಎರಡು ಸಲ 5.0 ಬಂದು ಮೂರನೇ ಸಲ 2.0 ಬಂತು ಅಂದುಕೊಳ್ಳಿ, ಸಾಮಾನ್ಯವಾಗಿ ಸರಾಸರಿಗೆ ಹೋಗುವುದು ಆ 2.0 ಮಾತ್ರ. ಹಾಗಾಗಿ ಫೇಲಾಗಿದ್ದರಿಂದ ಗ್ರೇಡ್ ಕೆಡುವುದು ಕಡಿಮೆ. ಕೆಡಿಸುವುದು ಇನ್ನೊಂದು: ಕಷ್ಟಪಟ್ಟು 3.7ಕ್ಕೆ ಪಾಸಾದಿರಿ ಅಂದರೆ ಹೆಚ್ಚಿನ ಕಡೆ ಅದನ್ನು ಮತ್ತೆ ಬರೆದು ಸುಧಾರಿಸಿಕೊಳ್ಳುವ ಅವಕಾಶ ಇಲ್ಲ. ಪಾಸಾದ ಪರೀಕ್ಷೆ ಮುಗಿದ ಪರೀಕ್ಷೆ. ಆದರೂ ಹೆದರಬೇಡಿ, ಲೆಕ್ಕ ಹಾಕಿ ನೋಡಿ. ಎರಡು ವರ್ಷದ ಮಾಸ್ಟರ್ಸ್‌ಗೆ 120 ಕ್ರೆಡಿಟ್, ಒಂದು ಸಬ್ಜೆಕ್ಟಿಗೆ 6 ಅಂತ ಹಿಡಿದರೆ, 1.7 ಬರಬೇಕಾದಲ್ಲಿ 3.7 ಬಂದರೂ ಒಟ್ಟು ಸರಾಸರಿ ಕದಲುವುದು 0.1 ಅಷ್ಟೇ. ಅದೇ ಥೀಸಿಸ್‌ಗೆ ಸಾಮಾನ್ಯವಾಗಿ 30 ಕ್ರೆಡಿಟ್, ಅಂದರೆ ಕಾಲು ಭಾಗ. ಜೀವ ಬಿಟ್ಟು ದುಡಿಯಬೇಕಾದದ್ದು ಅಲ್ಲಿ.

ಈಗ ಸಲಗಳ ವಿಷಯ. ತುಂಬಾ ಕಡೆ ಒಂದು ಪರೀಕ್ಷೆಗೆ ಮೂರು ಸಲ, ಕೆಲವು ಕಡೆ ಎರಡೇ ಸಲ. ಇನ್ನು ಕೆಲವು ಕಡೆ ಎಷ್ಟು ಸಲ ಬೇಕಾದರೂ ಬರೆಯಬಹುದು, ಆದರೆ ಇಂತಿಷ್ಟು ಸೆಮಿಸ್ಟರ್ ಒಳಗೆ ಇಂತಿಷ್ಟು ಕ್ರೆಡಿಟ್ ಆಗಿರಲೇಬೇಕು. ಕಡ್ಡಾಯ ಸಬ್ಜೆಕ್ಟ್ ಕೊನೆಯ ಸಲವೂ ಹೋದರೆ ಅದಕ್ಕೆ 'ಎಂಡ್‌ಗ್ಯುಲ್ಟಿಶ್ ನಿಶ್ಟ್ ಬೆಷ್ಟಾಂಡನ್' ಅನ್ನುತ್ತಾರೆ, ಇನ್ನು ಮುಂದೆ ಪಾಸಾಗುವ ದಾರಿಯೇ ಇಲ್ಲ ಅಂತ. ಯೂನಿವರ್ಸಿಟಿಯಿಂದ ಹೆಸರು ತೆಗೆಯುತ್ತಾರೆ. ಪಕ್ಕದ ಊರಿನ ಯೂನಿವರ್ಸಿಟಿಗೆ ಹೋಗಿ ಅದೇ ಕೋರ್ಸಿಗೆ ಸೇರೋಣ ಅಂದರೆ ಸಾಮಾನ್ಯವಾಗಿ ಅದೂ ಆಗಲ್ಲ, ಯಾಕೆಂದರೆ ಹಿಂದೆ ಹೀಗೆ ಆಗಿದೆಯಾ ಅಂತ ಅರ್ಜಿಯಲ್ಲೇ ಕೇಳಿರುತ್ತಾರೆ. ನೀವೇ ಆರಿಸಿಕೊಂಡ ಸಬ್ಜೆಕ್ಟ್ ಆದರೆ ಬೇರೆಯದಕ್ಕೆ ಬದಲಿಸುವ ಅವಕಾಶ ಕೆಲವು ಕೋರ್ಸುಗಳಲ್ಲಿ ಇದೆ.

ಮಂಡ್ಯದ ಹುಡುಗ ಎರಡನೇ ಸಲ ಪರೀಕ್ಷೆ ಬರೆದೇ ಇರಲಿಲ್ಲ! ಓದಾಗಿಲ್ಲ ಅಂತ ಹೋಗಲಿಲ್ಲ ಅಷ್ಟೇ. ಆದರೆ ಹೆಸರು ನೋಂದಾಯಿಸಿದ್ದ. ಹೆಸರು ಕೊಟ್ಟು ಹೋಗದಿದ್ದರೆ 5.0, ಒಂದು ಸಲ ಲೆಕ್ಕದಿಂದ ಹೋಯಿತು. ಓದಾಗಿಲ್ಲವಾ, ಪರೀಕ್ಷೆಗೆ ಮುಂಚೆ ಕೊಟ್ಟಿರುವ ಗಡುವಿನೊಳಗೆ ಆನ್‌ಲೈನ್‌ನಲ್ಲಿ ಹೆಸರು ತೆಗೆಯಿರಿ, ತೆಗೆದದ್ದಕ್ಕೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಜ್ವರ ಬಂತಾ, ಅದೇ ದಿನ ಡಾಕ್ಟರ್ ಹತ್ತಿರ ಹೋಗಿ ಸರ್ಟಿಫಿಕೇಟ್ ತಂದು ಪ್ರೂಫುಂಗ್ಸ್‌ಆಮ್ಟ್‌ಗೆ, ಅಂದರೆ ಪರೀಕ್ಷಾ ಕಚೇರಿಗೆ ತಡಮಾಡದೆ ಕೊಡಿ. ಮೂರು ದಿನ ಬಿಟ್ಟು ತಂದರೆ ಒಪ್ಪುವುದು ಕಷ್ಟ. ಸುಮ್ನೆ ಒಂದು ಸಲ ಬರೆದು ಪೇಪರ್ ಹೇಗಿರುತ್ತೆ ನೋಡೋಣ ಅಂತ ಹೋಗುವ ಅಭ್ಯಾಸವನ್ನು ದಯವಿಟ್ಟು ಇಲ್ಲೇ ಬಿಟ್ಟು ಹೋಗಿ.

ನನಗೂ ಮೊದಲ ಸೆಮಿಸ್ಟರ್‌ನಲ್ಲಿ ಒಂದು 5.0 ಬಂದಿತ್ತು. ಆಗ ಸೀನಿಯರ್ ಒಬ್ಬರು ಐನ್‌ಜಿಶ್ಟ್‌ಗೆ ಹೋಗು ಅಂದರು. ಐನ್‌ಜಿಶ್ಟ್ ಅಂದರೆ ತಿದ್ದಿದ ನಿಮ್ಮ ಉತ್ತರಪತ್ರಿಕೆಯನ್ನು ನಿಮ್ಮ ಮುಂದೆ ಇಡುತ್ತಾರೆ, ನೀವು ಕೂತು ನೋಡಬಹುದು. ಅದು ನಿಮ್ಮ ಹಕ್ಕು. ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದರು. ಪುಟ ತಿರುಗಿಸಿದರೆ ನಾಲ್ಕು ಕಡೆ ಕೆಂಪು ಶಾಯಿಯಲ್ಲಿ ಒಂದೇ ಪದ: 'ವಾರುಮ್?' ಯಾಕೆ ಅಂತ. ಸೂತ್ರ ಸರಿಯಾಗಿತ್ತು, ಉತ್ತರವೂ ಸರಿ. ಅಲ್ಲಿ ಆ ಸೂತ್ರವನ್ನೇ ಯಾಕೆ ಹಾಕಿದೆ ಅನ್ನುವ ಒಂದು ಸಾಲು ಮಾತ್ರ ನಾನು ಬರೆದಿರಲಿಲ್ಲ. ಊರಿನಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಎರಡನೇ ಸಲ ನಾನು ಜಾಸ್ತಿ ಓದಲಿಲ್ಲ, ಬರೆಯುವ ರೀತಿ ಬದಲಿಸಿದೆ, 2.3 ಬಂತು. ಫೇಲಾದ ಸಬ್ಜೆಕ್ಟಿನ ಪೇಪರ್ ನೋಡದೆ ಮತ್ತೆ ಬರೆಯಲು ಹೋಗಬೇಡಿ.

ಕೆಲಸದ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮ ಕಾಲೇಜುಗಳಲ್ಲಿ ಇರುವ ಥರ, ಬ್ಯಾಕ್‌ಲಾಗ್ ಇದ್ದರೆ ಸಾಲಿನಲ್ಲಿ ನಿಲ್ಲಿಸಲ್ಲ ಅನ್ನುವ ಪ್ಲೇಸ್‌ಮೆಂಟ್ ಅಲ್ಲಿ ಇಲ್ಲ. ನೀವೇ ಅರ್ಜಿ ಹಾಕಬೇಕು. ಕಂಪನಿಯವರು ನೋಡುವುದು ಕೊನೆಯ ಅಂಕಪಟ್ಟಿ, ವರ್ಕ್‌ಸ್ಟೂಡೆಂಟ್ ಆಗಿ (ಓದುತ್ತಲೇ ಕಂಪನಿಯಲ್ಲಿ ಪಾರ್ಟ್‌ಟೈಮ್) ಅಥವಾ ಇಂಟರ್ನ್ ಆಗಿ ಮಾಡಿದ ಕೆಲಸ, ಜರ್ಮನ್ ಭಾಷೆ. ಒಂದು ಪರೀಕ್ಷೆಗೆ ಎಷ್ಟು ಸಲ ಕೂತಿರಿ ಅನ್ನುವುದು ತುಂಬಾ ಕಡೆ ಅಂಕಪಟ್ಟಿಯಲ್ಲಿ ಬರುವುದೇ ಇಲ್ಲ. ಆದರೆ ಓದು ಯಾಕೆ ಒಂದು ವರ್ಷ ಜಾಸ್ತಿ ಹಿಡಿಯಿತು ಅಂತ ಕೇಳುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಪಾಸಾಗಿ ಡಿಗ್ರಿ ಕೈಗೆ ಬಂದ ಮೇಲೆ ಕೆಲಸ ಹುಡುಕಲು 18 ತಿಂಗಳವರೆಗೆ ಪರ್ಮಿಟ್ ಸಿಗುತ್ತದೆ, ಡಿಗ್ರಿ ಆಗದೆ ಹೆಸರು ತೆಗೆಸಿಕೊಂಡವರಿಗೆ ಅದು ಸಿಗಲ್ಲ. ನಿಜವಾದ ನಷ್ಟ ಇರುವುದು ಇಲ್ಲಿ.

ವೀಸಾ ಕೂಡ ಹಾಗೇ. ಓದುವವರ ಪರ್ಮಿಟ್ ನಿಂತಿರುವುದು ಯೂನಿವರ್ಸಿಟಿಯಲ್ಲಿ ಹೆಸರು ಇರುವುದರ ಮೇಲೆ. ನವೀಕರಣಕ್ಕೆ ಹೋದಾಗ ಎಷ್ಟು ಕ್ರೆಡಿಟ್ ಆಗಿದೆ ಅಂತ ಕೇಳುತ್ತಾರೆ, ಮುಂದಿನ ಖರ್ಚಿಗೆ ದುಡ್ಡೂ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ವಿದ್ಯಾರ್ಥಿ ವೀಸಾಗೆ ಹಿಡಿದ ಲೆಕ್ಕ ತಿಂಗಳಿಗೆ 992 ಯೂರೋ. ಒಂದು ಸಬ್ಜೆಕ್ಟಿಗಾಗಿ ಆರು ತಿಂಗಳು ಜಾಸ್ತಿ ಉಳಿದರೆ ಆ ಲೆಕ್ಕದಲ್ಲೇ 5,952 ಯೂರೋ. ಆ ಹುಡುಗನ ಅಪ್ಪ ಜಮೀನಿನ ಮೇಲೆ ಸಾಲ ತೆಗೆದಿದ್ದಾರೆ, ಮನೆಯಲ್ಲಿ ಅವನು ಒಂದು ಮಾತೂ ಹೇಳಿರಲಿಲ್ಲ. ನಾವಿಬ್ಬರೂ ಅವನ ಕೋರ್ಸಿನ ಪ್ರೂಫುಂಗ್ಸ್‌ಓರ್ಡ್ನುಂಗ್, ಅಂದರೆ ಪರೀಕ್ಷಾ ನಿಯಮದ ಪಿಡಿಎಫ್ ತೆರೆದು 'ವೀಡರ್‌ಹೋಲುಂಗ್' ಅನ್ನುವ ಪದ ಹುಡುಕಿದೆವು, ಮತ್ತೆ ಬರೆಯುವ ನಿಯಮ ಇರುವುದು ಅಲ್ಲೇ. ಅದರಲ್ಲಿ ಮೂರನೇ ಸಲ ಬರವಣಿಗೆಯಲ್ಲಿ ಹೋದರೂ ಒಂದು ಮೌಖಿಕ ಪರೀಕ್ಷೆ ಕೊಡುತ್ತಾರೆ, ಅದರಲ್ಲಿ ಗೆದ್ದರೆ 4.0 ಅಂತ ಇತ್ತು. ಎಲ್ಲ ಕಡೆ ಇದು ಇರಲ್ಲ. ಜುಲೈಗೆ ಅವನು ಬೇರೆ ಎರಡು ಪರೀಕ್ಷೆ ಬಿಟ್ಟು ಇದೊಂದನ್ನೇ ಬರೆಯುವುದು ಅಂತ ತೀರ್ಮಾನ ಮಾಡಿದೆವು. ಮಂಡ್ಯದ ರೈಲು ಹತ್ತುವ ಮೊದಲು ಅಪ್ಪನಿಗೆ ಅವನೇ ಫೋನ್ ಮಾಡಿ ಹೇಳಿದ.

ಇನ್ನೂ ಮೈಸೂರಿನಲ್ಲೇ ಓದುತ್ತಿದ್ದು, ಬ್ಯಾಕ್‌ಲಾಗ್ ಇತ್ತು, ಜರ್ಮನಿ ಸಿಗುತ್ತಾ ಅಂತ ಕೇಳುವವರಿಗೆ: ಸಿಗುತ್ತದೆ, ಎಲ್ಲ ಕ್ಲಿಯರ್ ಆಗಿರಬೇಕು ಅಷ್ಟೇ. 2022ರ ನವೆಂಬರ್ 1ರಿಂದ ಎಪಿಎಸ್ ಸರ್ಟಿಫಿಕೇಟ್, ಅಂದರೆ ನಿಮ್ಮ ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಪತ್ರ, ಕಡ್ಡಾಯ, ಅದಕ್ಕೆ ಅಂಕಪಟ್ಟಿಗಳನ್ನು ಜೋಡಿಸಿಟ್ಟುಕೊಳ್ಳಿ. ನಿಮ್ಮ ಸಿಜಿಪಿಎಯನ್ನು ಅವರ ಅಂಕಕ್ಕೆ ತಿರುಗಿಸುವ ಸೂತ್ರ ಇದೆ. ಗರಿಷ್ಠ 10, ಪಾಸ್ 4 ಅಂತ ಹಿಡಿದರೆ 8.0 ಬಂದವರಿಗೆ ಅಲ್ಲಿ 2.0. ತುಂಬಾ ಮಾಸ್ಟರ್ಸ್ ಕೋರ್ಸುಗಳು 2.5 ಅಥವಾ ಅದಕ್ಕಿಂತ ಒಳ್ಳೆಯದನ್ನು ಕೇಳುತ್ತವೆ. ಮುಂದೆ ಪಿಎಚ್‌ಡಿಗೂ ನೋಡುವುದು ಮಾಸ್ಟರ್ಸ್‌ನ ಕೊನೆಯ ಗ್ರೇಡನ್ನೇ.

ಕೊನೆಯ ಸಲವೂ ಹೋಗಿ ನೋಟಿಸ್ ಬಂತು ಅಂದರೆ ಹೆದರಿ ಮೂಲೆಗೆ ಎಸೆಯಬೇಡಿ. ಅದರ ಕೆಳಗೆ ಆಕ್ಷೇಪಣೆ ಎಲ್ಲಿ, ಎಷ್ಟು ದಿನದೊಳಗೆ ಸಲ್ಲಿಸಬೇಕು ಅಂತ ಬರೆದಿರುತ್ತದೆ, ಸಾಮಾನ್ಯವಾಗಿ ಒಂದು ತಿಂಗಳು. ಅವತ್ತೇ ವಿದ್ಯಾರ್ಥಿ ಸಂಘದ ಕಾನೂನು ಸಲಹೆ ಇದೆಯಾ ಅಂತ ವಿಚಾರಿಸಿ. ಕಾಗದ ಬಂದ ಕವರನ್ನೂ ಎತ್ತಿಡಿ, ಅದರ ಮೇಲಿನ ತಾರೀಖು ಬೇಕಾಗುತ್ತದೆ.