ಹಸ್ತ ಮಳೆಯ ಹಸಿರಿಗೆ ಎಷ್ಟು ಹಳದಿ?

ಕೆಳದಿಯ ರಾಣಿ ಚೆನ್ನಮ್ಮಾಜಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕಥೆಯನ್ನು ಮಕ್ಕಳಿಗಾಗಿ 32 ಪುಟಗಳ ಕಾಮಿಕ್ಸ್ ಮಾಡಿಕೊಡಬೇಕೆಂದು ಪ್ರಕಾಶಕರು ಹೇಳಿದಾಗ, ಅದು ನಡೆದದ್ದು ಯಾವ ತಿಂಗಳಲ್ಲಿ ಎಂದು ನಾನು ಮೊದಲು ಕೇಳಿದೆ. ಅವರಿಗೆ ವಿಚಿತ್ರವೆನಿಸಿತು. ಬಣ್ಣ ಹಚ್ಚುವವರಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ. ಮಲೆನಾಡು ವರ್ಷವಿಡೀ ಹಸಿರು ಎನ್ನುವುದು ಪ್ರವಾಸಕ್ಕೆ ಬಂದು ಹೋಗುವವರ ಮಾತು. ಆಷಾಢದ ಹಸಿರು ಬೇರೆ, ದೀಪಾವಳಿಯ ಹಸಿರು ಬೇರೆ, ಗದ್ದೆ ಕೊಯ್ದಾದ ಮೇಲೆ ಉಳಿಯುವ ಕಾಡಿನ ಹಸಿರು ಮತ್ತೂ ಬೇರೆ.

ಉತ್ತರ ಇತಿಹಾಸದಲ್ಲೇ ಇತ್ತು. ರಾಜಾರಾಮನ ಅಣ್ಣ ಸಂಭಾಜಿಯನ್ನು ಮೊಗಲರು ಕೊಂದದ್ದು 1689ರ ಮಾರ್ಚ್‌ನಲ್ಲಿ. ಆಮೇಲೆ ರಾಯಗಡ ಬಿಟ್ಟ ರಾಜಾರಾಮ, ಪನ್ಹಾಳ ಕೋಟೆಯಿಂದ ದಕ್ಷಿಣಕ್ಕೆ ಹೊರಟದ್ದು ಸೆಪ್ಟೆಂಬರ್ ಕೊನೆಯ ಹೊತ್ತಿಗೆ. ನವೆಂಬರ್ ವೇಳೆಗೆ ತಮಿಳುನಾಡಿನ ಜಿಂಜಿ ಕೋಟೆ ಸೇರಿದ್ದ. ನಡುವೆ ಕೆಳದಿ ಸೀಮೆಯನ್ನು ದಾಟಿದನೆಂದರೆ ಅವು ಹಸ್ತ, ಚಿತ್ತೆ ಮಳೆಗಳ ದಿನಗಳು. ಬೆಳಿಗ್ಗೆ ತೊಳೆದಿಟ್ಟಂಥ ಆಕಾಶ, ಮಧ್ಯಾಹ್ನ ಕಳೆದ ಮೇಲೆ ಗುಡುಗು. ಭತ್ತ ತೆನೆ ಕಟ್ಟುತ್ತಿರುತ್ತದೆ, ಗದ್ದೆಯ ಹಸಿರಿಗೆ ಹಳದಿ ಇಳಿಯತೊಡಗಿರುತ್ತದೆ. ನನಗೆ ಬಂದ ಸ್ಕ್ರಿಪ್ಟ್‌ನಲ್ಲಾದರೋ ಮೊದಲ ಪುಟದಿಂದ ಕೊನೆಯವರೆಗೂ ಜಡಿಮಳೆ. ಲೇಖಕರ ಜೊತೆ ಕುಳಿತು ಮಾತನಾಡಿ, ಮಳೆಯನ್ನು ಸಂಜೆಯ ದೃಶ್ಯಗಳಿಗೂ ಮೊಗಲರ ಜೊತೆಗಿನ ರಾಣಿಯ ಯುದ್ಧಕ್ಕೂ ಮಾತ್ರ ಉಳಿಸಿಕೊಂಡೆವು. ಇಡೀ ಪುಸ್ತಕ ನೆನೆದಿದ್ದರೆ ಓದುವ ಮಗುವಿಗೆ ಮಳೆ ಬಂದದ್ದೇ ಗೊತ್ತಾಗುವುದಿಲ್ಲ.

ಪೆನ್ಸಿಲ್ ಮುಟ್ಟುವ ಮೊದಲೇ ನಾನು ಬಣ್ಣದ ಪಟ್ಟಿ ಮಾಡಿಕೊಳ್ಳುತ್ತೇನೆ. ಒಂದು ದೊಡ್ಡ ಹಾಳೆಯಲ್ಲಿ ಪುಟಕ್ಕೊಂದರಂತೆ 32 ಪುಟ್ಟ ಚೌಕ. ಒಂದೊಂದರಲ್ಲೂ ಪೋಸ್ಟರ್ ಬಣ್ಣದ ಎರಡು ಮೂರು ತೇಪೆ, ಅಷ್ಟೇ. ಆಳಿಲ್ಲ, ಕುದುರೆಯಿಲ್ಲ. ಅದನ್ನು ಗೋಡೆಗೆ ಅಂಟಿಸಿ ಕೋಣೆಯ ಆ ತುದಿಯಿಂದ ನೋಡಿದರೆ ಕಥೆಯ ಏರಿಳಿತ ಕಾಣಬೇಕು: ಪ್ರಯಾಣಕ್ಕೆ ಹಳದಿ ಬೆರೆತ ಹಸಿರು, ರಾಜಧಾನಿ ಬಿದನೂರಿನ ಆಸ್ಥಾನಕ್ಕೆ ದೀಪದ ಬಣ್ಣ, ರಾತ್ರಿಯ ಮಂತ್ರಾಲೋಚನೆಗೆ ಕಡುನೀಲಿ, ಯುದ್ಧಕ್ಕೆ ಬೂದು. ಎರಡು ದೃಶ್ಯಗಳು ಒಂದೇ ಬಣ್ಣಕ್ಕೆ ಬಿದ್ದರೆ ಅವುಗಳ ನಡುವಿನ ತಿರುವು ಸತ್ತಂತೆ.

ರಾಜಾರಾಮ ಜಂಗಮರ ವೇಷದಲ್ಲಿ ಬಂದ ಎಂದು ನಮ್ಮ ಕಡೆ ಕಥೆ ಹೇಳುತ್ತಾರೆ. ಕಾವಿಯನ್ನು ಅವನೊಬ್ಬನಿಗೇ ಮೀಸಲಿಟ್ಟೆ. ಸಂತೆಯ ಜನರಿರಲಿ, ಆಸ್ಥಾನದವರಿರಲಿ, ಬಾವುಟವೇ ಇರಲಿ, ಇನ್ನೆಲ್ಲೂ ಆ ಬಣ್ಣ ಸುಳಿಯದಂತೆ ನೋಡಿಕೊಂಡೆ. ನೂರು ಜನರ ಗುಂಪಿನಲ್ಲೂ ಕಣ್ಣು ಅವನನ್ನು ಹುಡುಕಿಕೊಂಡು ಹೋಗುತ್ತದೆ. ಯುದ್ಧದ ಪುಟದಲ್ಲಿ ರಾಣಿಗೂ ಕೇಸರಿ ಸೀರೆ ಉಡಿಸೋಣ ಎಂದರು ಸಂಪಾದಕರು. ಒಪ್ಪಲಿಲ್ಲ, ಅವಳಿಗೆ ಕಡುಗೆಂಪು ಕೊಟ್ಟೆ. ಬೂದು ಮಳೆಯ ನಡುವೆ ಕಡುಗೆಂಪಿಗಿರುವ ಗತ್ತು ಕೇಸರಿಗಿಲ್ಲ.

ಆಮೇಲೆ ತಿರುಗಾಟ. ಕೆಳದಿಯ ರಾಮೇಶ್ವರ, ಇಕ್ಕೇರಿಯ ಅಘೋರೇಶ್ವರ, ಕವಲೇದುರ್ಗ, ನಗರದ (ಅಂದಿನ ಬಿದನೂರಿನ) ಕೋಟೆ. ಫೋಟೊ ತೆಗೆಯುವುದಕ್ಕಿಂತ ಅಲ್ಲೇ ಕುಳಿತು ಚಿತ್ರ ಬರೆದದ್ದು ಹೆಚ್ಚು ಉಪಯೋಗಕ್ಕೆ ಬಂತು, ಏಕೆಂದರೆ ಬರೆಯುವಾಗಲೇ ಕಲ್ಲಿಗೆ ಯಾವ ಗೆರೆ ಬೇಕು ಎನ್ನುವುದು ಕೈಗೆ ತಿಳಿಯುತ್ತದೆ. ಇಕ್ಕೇರಿಯ ಕಣಶಿಲೆಗೆ (ಗ್ರಾನೈಟ್) ನಿಬ್ಬಿನ ಉದ್ದನೆಯ, ತಡವರಿಸದ ಗೆರೆ. ಜಂಬಿಟ್ಟಿಗೆಗೆ ಅದು ಒಗ್ಗುವುದಿಲ್ಲ. ಅದರ ಮೈಯೆಲ್ಲ ತೂತು. ಇಂಕನ್ನು ಬಟ್ಟೆಗೆ ಒರೆಸಿ, ಅರೆ ಒಣಗಿದ ಕುಂಚವನ್ನು ಅಡ್ಡಡ್ಡ ಎಳೆದರೆ ಮಾತ್ರ ಆ ಒರಟುತನ ಬರುತ್ತದೆ.

ಮನೆಗಳ ಮಾಡಿನ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಮಲೆನಾಡಿನ ಹಳ್ಳಿ ಎಂದೊಡನೆ ಎಲ್ಲರೂ ಕೆಂಪು ಮಂಗಳೂರು ಹೆಂಚು ಬರೆದುಬಿಡುತ್ತಾರೆ. ಆ ಹೆಂಚಿನ ಕಾರ್ಖಾನೆಯನ್ನು ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ತೆರೆದದ್ದೇ 1865ರಲ್ಲಿ. ಚೆನ್ನಮ್ಮನ ಕಾಲಕ್ಕೆ ಹಾಕಬೇಕಾದದ್ದು ಸೋಗೆ, ಹುಲ್ಲು, ಹೆಚ್ಚೆಂದರೆ ನಾಡಹೆಂಚು. ಇದರಿಂದ ಬಣ್ಣದ ಲೆಕ್ಕವೂ ಬದಲಾಗುತ್ತದೆ. ಊರು ಕೆಂಪಗಿರುವುದಿಲ್ಲ, ನೆನೆದ ಸೋಗೆಯ ಬೂದುಗಂದಿಗೆ ತಿರುಗುತ್ತದೆ. ಆ ಮಂಕು ಹಿನ್ನೆಲೆಯಲ್ಲಿ ಕಾವಿ ಇನ್ನೂ ಎದ್ದು ಕಾಣುತ್ತದೆ. ಇತಿಹಾಸಕ್ಕೆ ನಿಷ್ಠನಾಗಿದ್ದಕ್ಕೆ ಸಿಕ್ಕ ಬಡ್ಡಿ ಅದು.

ಪುಟ ಹಂಚುವಾಗ ಒಂದೇ ನಿಯಮ: ಬೆಚ್ಚಿಬೀಳಿಸುವ ಚಿತ್ರ ಹಾಳೆ ಮಗುಚಿದ ಮೇಲೆ ಬರಬೇಕು, ಎಂದರೆ ಎಡಗಡೆಯ ಸಮಸಂಖ್ಯೆಯ ಪುಟದಲ್ಲಿ. ಜಂಗಮ ತನ್ನ ಹೆಸರು ಹೇಳುವ ಚಿತ್ರವನ್ನು ಹದಿನಾಲ್ಕಕ್ಕೆ ತರಲು ಹಿಂದಿನ ದೃಶ್ಯದಿಂದ ಮೂರು ಚೌಕಟ್ಟು ಕಿತ್ತುಹಾಕಿದೆ. ಅಚ್ಚಿನ ಅಳತೆಯ ಒಂದೂವರೆ ಪಟ್ಟು ದೊಡ್ಡದಾಗಿ ಬರೆದು, ಇಂಕ್ ಮಾಡಿ, 600 ಡಿಪಿಐಯಲ್ಲಿ, ಎಂದರೆ ಇಂಚಿಗೆ 600 ಚುಕ್ಕೆಯಂತೆ, ಸ್ಕ್ಯಾನ್ ಮಾಡುತ್ತೇನೆ. ಮಳೆಯ ಗೆರೆಗಳು ಮಾತ್ರ ಬೇರೆ ಹಾಳೆಯಲ್ಲಿ. ಮಳೆಯನ್ನು ಕಪ್ಪು ಗೆರೆಯಲ್ಲಿ ಬಿಟ್ಟರೆ ಪುಟವೆಲ್ಲ ಗೀಚಿದಂತಾಗುತ್ತದೆ. ಬೇರೆ ಹಾಳೆಯಲ್ಲಿದ್ದರೆ ಕಂಪ್ಯೂಟರಿನಲ್ಲಿ ಅದನ್ನು ಬೇರೆ ಪದರ (ಲೇಯರ್) ಮಾಡಿ, ದೂರದ ಮಳೆಯನ್ನು ತಿಳಿಬೂದು, ಹತ್ತಿರದ್ದನ್ನು ಬಿಳಿ ಮಾಡಬಹುದು. ಮುಖದ ಮೇಲೆ ಬಿದ್ದ ಗೆರೆಗಳನ್ನು ಅಳಿಸಲೂಬಹುದು.

ಅಕ್ಷರಗಳಿಗೆ ಜಾಗ ಬಿಡುವುದು ಪೆನ್ಸಿಲ್ ಹಂತದಲ್ಲೇ ಆಗಬೇಕು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಜೋತುಬೀಳುತ್ತವೆ, ಗುಡಿಸುಗಳು ಮೇಲೇಳುತ್ತವೆ. ಸಾಲುಗಳ ನಡುವೆ ಸಾಕಷ್ಟು ಅಂತರ ಕೊಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಸಿಕ್ಕಿಕೊಳ್ಳುತ್ತದೆ. ಜೊತೆಗೆ ‘ಕಳುಹಿಸಿಕೊಡಬೇಕಾಗಿದೆ’ಯಂಥ ಪದವನ್ನು ನಡುವೆ ಮುರಿಯುವಂತಿಲ್ಲ. ಹಾಗಾಗಿ ಮಾತಿನ ಗುಳ್ಳೆಗಳನ್ನು ಅಗಲವಾಗಿ, ಚೌಕಟ್ಟಿನ ಮೇಲಂಚಿಗೆ ತಾಗಿಸಿ ಮೊದಲೇ ಬರೆದುಬಿಡುತ್ತೇನೆ. ತಲೆಗಳು ಅದರ ಕೆಳಗೆ ಜಾಗ ಹುಡುಕಿಕೊಳ್ಳಬೇಕು. ಸಿಡಿಲಿನ ‘ಧಡ್’, ಕುದುರೆಯ ‘ಖಟಪಟ’ಗಳನ್ನು ಫಾಂಟಿನಲ್ಲಿ ಕೂರಿಸುವುದಿಲ್ಲ. ಅವು ಚಿತ್ರದ ಭಾಗ, ಕುಂಚದಲ್ಲೇ ಬರೆಯುತ್ತೇನೆ.

ಬಣ್ಣ ತುಂಬುವುದು ಕ್ರಿಟಾ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ. ಮೊದಲು ಛಾಯೆಯಿಲ್ಲದ ಸಪಾಟು ಬಣ್ಣಗಳು. ಈ ಹಂತ ಬೇಸರದ್ದು, ರೇಡಿಯೊ ಬೇಕೇ ಬೇಕು. ಆದರೆ ಸಪಾಟು ಬಣ್ಣದಲ್ಲೇ ಚಿತ್ರ ನಿಲ್ಲದಿದ್ದರೆ ಮೇಲೆ ಎಷ್ಟು ಹೊಳಪು ಬಳಿದರೂ ನಿಲ್ಲುವುದಿಲ್ಲ. ನೆರಳು ಒಂದೇ ಪದರ, ಅಷ್ಟಕ್ಕೇ ಸಾಕು ಮಾಡುತ್ತೇನೆ. ಈಗಿನ ಎಷ್ಟೋ ಕಾಮಿಕ್ಸ್‌ಗಳಲ್ಲಿ ಪ್ರತಿ ಕೆನ್ನೆಯೂ ಎಣ್ಣೆ ಹಚ್ಚಿದಂತೆ ಮಿನುಗುತ್ತದೆ, ನನಗದು ಹಿಡಿಸದು.

ಅಚ್ಚಾಗುವುದು ಮ್ಯಾಪ್‌ಲಿಥೋ ಕಾಗದದ ಮೇಲೆ ಎಂದು ಮೊದಲೇ ತಿಳಿಸಿದ್ದರು. ಹೊಳಪಿಲ್ಲದ ಆ ಕಾಗದ ಇಂಕನ್ನು ಹೀರಿ ಚುಕ್ಕೆಗಳನ್ನು ಹಿಗ್ಗಿಸುತ್ತದೆ, ಪರದೆಯಲ್ಲಿ ಕಂಡದ್ದಕ್ಕಿಂತ ಎಲ್ಲವೂ ಕಡುವಾಗುತ್ತದೆ. ಅದಕ್ಕೇ ಅಚ್ಚಿನ ನಾಲ್ಕೂ ಇಂಕುಗಳ (ಸಯಾನ್ ಎಂಬ ತಿಳಿನೀಲಿ, ಮಜೆಂಟಾ ಎಂಬ ಕಡುಗುಲಾಬಿ, ಹಳದಿ, ಕಪ್ಪು) ಒಟ್ಟು ಮೊತ್ತ 280 ಶೇಕಡಾ ದಾಟದಂತೆ ಕಟ್ಟು ಹಾಕಿಕೊಂಡೆ. ಬೂದುಬಣ್ಣವನ್ನು ಮೂರು ಬಣ್ಣ ಬೆರೆಸಿ ಮಾಡಿದರೆ ಯಂತ್ರ ಒಂದಿಷ್ಟು ವಾಲಿದರೂ ಅದು ಹಸಿರಿಗೋ ಕಂದಿಗೋ ತಿರುಗುತ್ತದೆ. ಕಪ್ಪು ಶೇಕಡಾ 30, ಜೊತೆಗೆ ಸಯಾನ್ ಶೇಕಡಾ 10 ಇಟ್ಟರೆ ಮಳೆಯ ಬೂದು ಕದಲುವುದಿಲ್ಲ. ತೆನೆಗಟ್ಟಿದ ಗದ್ದೆಗೆ ಸಯಾನ್ 35, ಹಳದಿ 80. ಕಾಡಿನ ಕಡುಹಸಿರಿಗೆ ಕಪ್ಪು ಸೇರಿಸದೆ ಸ್ವಲ್ಪ ಮಜೆಂಟಾ ಸೇರಿಸಿದೆ, ಇಲ್ಲವಾದರೆ ಮಸಿ ಮೆತ್ತಿದಂತಾಗುತ್ತಿತ್ತು.

ಇನ್ನು ಮೈಬಣ್ಣ. ಒಳ್ಳೆಯವರು ಬೆಳ್ಳಗೆ, ಕೆಟ್ಟವರು ಕಪ್ಪಗೆ ಎಂಬ ಹಳೆಯ ಕಾಮಿಕ್ಸ್ ಚಾಳಿ ನಮ್ಮ ಮಕ್ಕಳ ಕಣ್ಣನ್ನು ಸಾಕಷ್ಟು ಕೆಡಿಸಿದೆ. ನಾಲ್ಕು ಮೈಬಣ್ಣಗಳ ಒಂದೇ ಪಟ್ಟಿ ಮಾಡಿ, ಕೆಳದಿಯ ಸೈನಿಕರಿಗೂ ಮೊಗಲ್ ಸೈನಿಕರಿಗೂ ಅದರಿಂದಲೇ ಹಂಚಿದೆ. ರಾಣಿಗೆ ಅದರಲ್ಲಿ ಮೂರನೆಯದು: ಸಯಾನ್ 25, ಮಜೆಂಟಾ 50, ಹಳದಿ 65. ಮುಖಪುಟದ ಪ್ರೂಫ್ ನೋಡಿದ ಪ್ರಕಾಶಕರಿಂದ ರಾಣಿಯ ಮುಖ ಇನ್ನೂ ಸ್ವಲ್ಪ ಬೆಳ್ಳಗಾಗಲಿ ಎಂಬ ಸೂಚನೆ ಬಂತು. ಮುಖವನ್ನು ನಾನು ಮುಟ್ಟಲಿಲ್ಲ. ಹಿಂದಿನ ಆಕಾಶವನ್ನು ಎರಡು ಮೆಟ್ಟಿಲು ಕಡುಮಾಡಿ, ಕಿವಿಯ ಪಕ್ಕದಲ್ಲಿ ದೀಪದ ಹಳದಿಯ ಒಂದು ಗೆರೆ ಎಳೆದು ಕಳುಹಿಸಿದೆ. ಈಗ ಸರಿಯಾಯಿತು ಎಂದರು.