ಅದೇ ಮಣ್ಣು, ಮತ್ತೆ ಗಣಪ

ಈ ಸಲ ನಮ್ಮನೆ ಗಣಪನ ಮಣ್ಣಿಗೆ ಆದ ಖರ್ಚು ಸುಮಾರು 80 ರೂಪಾಯಿ. ಅದೂ ಸೋಸುವಾಗ ಹೋದದ್ದನ್ನು ಭರ್ತಿ ಮಾಡಲು ತಂದ ಒಂದೆರಡು ಕೆಜಿ ಶಾಡುವಿಗೆ, ಅಂದರೆ ಇಲ್ಲಿ ಮೂರ್ತಿ ಮಾಡುವ ಜೇಡಿಮಣ್ಣಿಗೆ. ಉಳಿದದ್ದೆಲ್ಲ ಲಾಕ್‌ಡೌನ್ ವರ್ಷ, ಅಂದರೆ 2020ರಲ್ಲಿ, ಪುಣೆಯ ಕಸಬಾ ಪೇಠದ ಕುಂಬಾರವಾಡೆಯಿಂದ ತಂದ ಮಣ್ಣು. ಪ್ರತಿ ಭಾದ್ರಪದ ಅದೇ ಮಣ್ಣು ಗಣಪ ಆಗುತ್ತದೆ, ಬಕೆಟ್ಟಿನಲ್ಲಿ ಕರಗುತ್ತದೆ, ಒಣಗಿ ಡಬ್ಬಿ ಸೇರುತ್ತದೆ. ಇದು ಆಗುವ ಮಾತಲ್ಲ ಎಂದವರ ಪಟ್ಟಿಯಲ್ಲಿ ನಮ್ಮತ್ತೆ, ನಮ್ಮನೆಯವರು, ಶಾಡು ಮಾರಿದವನು, ಎದುರು ಮನೆಯ ಕಾಕೂ ಎಲ್ಲರೂ ಇದ್ದರು. ಈ ಸಲ ಕಾಕೂ ತಾವೇ ಬಂದು ಕುಳಿತು ಎಲ್ಲ ನೋಡಿಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಮೂರ್ತಿ ಮಾಡುವುದು ಹೇಗೆಂದು ಬರೆಯುವುದಿಲ್ಲ. ವಿಜಾಪುರದ ಕಡೆಯ ನಮ್ಮಂಥವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿ ಆದ ಮೇಲೆ ಜೋಕುಮಾರ. ಮಳೆಗಾಲ ಪೂರ್ತಿ ಕೈಗೆ ಮಣ್ಣು ಅಂಟಿಕೊಂಡೇ ಬೆಳೆದವರು ನಾವು. ಪುಣೆಗೆ ಬಂದ ಮೇಲೆ ಮಾತ್ರ ವರ್ಷಾ ವರ್ಷ ಅಂಗಡಿಯ ಗಣಪ. 2019ರಲ್ಲಿ ಗೇಣಿಗಿಂತ ಸ್ವಲ್ಪ ಎತ್ತರದ ಶಾಡು ಮೂರ್ತಿಗೆ 1,200ರ ಆಜೂಬಾಜು ಕೊಟ್ಟ ನೆನಪು. ಈಗ ಅಂಥದ್ದಕ್ಕೇ 2,500ಕ್ಕಿಂತ ಕಡಿಮೆ ಯಾರೂ ಬಾಯಿ ಬಿಡುವುದಿಲ್ಲ.

ಹಾಗಂತ ಮೊದಲ ವರ್ಷ ದುಡ್ಡು ಉಳಿಯಿತು ಎಂದುಕೊಳ್ಳಬೇಡಿ. ಹತ್ತು ಕೆಜಿ ಮಣ್ಣಿಗೆ 400ರ ಮೇಲೆ, ಕೋರಣಿಯ (ಮಣ್ಣು ಕೊರೆದು ತಿದ್ದುವ ಕಡ್ಡಿಗಳ) ಸೆಟ್ಟು, ತಿರುಗುವ ಮಣೆ, ಪೋಸ್ಟರ್ ಬಣ್ಣ, ಬಂಗಾರದ ಬಣ್ಣದ ಡಬ್ಬಿ ಎಲ್ಲ ಸೇರಿ 2,000 ದಾಟಿತು. ಈಗ ಹೇಳುತ್ತೇನೆ, ಕೋರಣಿ ಸೆಟ್ಟು ಬೇಕಾಗಿಲ್ಲ. ಐಸ್‌ಕ್ರೀಮ್ ಕಡ್ಡಿ, ಹೇರ್‌ಪಿನ್ನು, ಹಳೆಯ ಚಮಚ, ಇಷ್ಟರಲ್ಲೇ ಕಣ್ಣಿನ ರೆಪ್ಪೆಯ ತನಕ ಕೆಲಸ ಆಗುತ್ತದೆ.

ಆ ಮೊದಲ ಗಣಪನನ್ನು ನಾನು ಗಟ್ಟಿಯಾಗಿ, ಒಳಗೂ ಹೊರಗೂ ಮಣ್ಣೇ ಮಣ್ಣಾಗಿ ಕೂರಿಸಿದ್ದೆ. ಹೊರಗೆ ಒಣಗಿತು, ಒಳಗೆ ಹಸಿ. ಹೊರಗಿನದು ಕುಗ್ಗಲು ನೋಡುತ್ತದೆ, ಒಳಗಿನದು ಬಿಡುವುದಿಲ್ಲ. ಕುತ್ತಿಗೆಯಲ್ಲಿ ಒಂದು ಸೀಳು, ಹೊಟ್ಟೆಯ ಮೇಲೆ ಉದ್ದಕ್ಕೆ ಇನ್ನೊಂದು. ಬೇಗ ಒಣಗಲಿ ಎಂದು ನಮ್ಮನೆಯವರು ಪ್ರೀತಿಯಿಂದ ಫ್ಯಾನು ಹಚ್ಚಿಟ್ಟಿದ್ದರು. ಗಾಳಿ ಬಡಿದ ಕಡೆಯ ಕಿವಿ ಬೆಳಗಾಗುವುದರೊಳಗೆ ಕೆಳಗೆ ಬಿದ್ದಿತ್ತು. ಅದನ್ನು ನೀರು ಹಚ್ಚಿ ಅಂಟಿಸಿದೆ. ಒಣಗಿದ ಮೈಗೆ ಹಸಿ ಮಣ್ಣು ಹಿಡಿಯುತ್ತದೆಯೇ? ಮತ್ತೆ ಬಿತ್ತು.

ಈಗ ಮಾಡುವುದು ಹೀಗೆ. ಮೂರ್ತಿ ಅರೆ ಒಣಗಿ, ಬೆರಳು ಒತ್ತಿದರೆ ತಗ್ಗು ಬೀಳದಷ್ಟು ಗಟ್ಟಿಯಾದಾಗ ಮೆಲ್ಲಗೆ ಮಲಗಿಸಿ, ಬುಡದಿಂದ ಚಮಚ ಹಾಕಿ ಹೊಟ್ಟೆಯೊಳಗಿನದನ್ನು ಕೆರೆದು ತೆಗೆಯುತ್ತೇನೆ. ಗೋಡೆ ಹೆಬ್ಬೆರಳಿನ ದಪ್ಪ ಉಳಿದರೆ ಸಾಕು. ಮಣೆಯ ಮೇಲೆ ನೇರ ಕೂರಿಸುವುದಿಲ್ಲ, ಕೆಳಗೆ ಎರಡು ಪದರ ವೃತ್ತಪತ್ರಿಕೆ. ಮಣ್ಣು ಗೇಣಿಗೆ ಅರ್ಧ ಇಂಚಾದರೂ ಕುಗ್ಗುತ್ತದೆ. ಬುಡ ಮಣೆಗೆ ಕಚ್ಚಿಕೊಂಡಿದ್ದರೆ ಅಲ್ಲಿಂದಲೇ ಬಿರುಕು ಶುರು. ಮೊದಲ ಕೆಲವು ದಿನ ಮೇಲೆ ಪ್ಲಾಸ್ಟಿಕ್ ಚೀಲ, ಆಮೇಲೆ ಚೀಲಕ್ಕೆ ತೂತು, ಆಮೇಲೆ ಬರೀ ತೆಳ್ಳನೆ ಬಟ್ಟೆ. ಪುಣೆಯ ಶ್ರಾವಣದಲ್ಲಿ ಚೀಲ ಪೂರ್ತಿ ತೆಗೆದರೂ ಒಣಗುವುದು ನಿಧಾನವೇ. 2023ರಲ್ಲಿ ಅಧಿಕ ಶ್ರಾವಣ ಬಂದು ಚೌತಿ ಸೆಪ್ಟೆಂಬರ್ 19ಕ್ಕೆ ಹೋಯಿತು, ಮಣ್ಣೆತ್ತು ಮುಗಿಸಿದ ಮೇಲೆ ಒಂದು ತಿಂಗಳು ಹೆಚ್ಚಿಗೆ ಸಿಕ್ಕಿತು. ಆ ವರ್ಷದ ಗಣಪನ ಮೈಯಲ್ಲಿ ಕೂದಲೆಳೆಯ ಬಿರುಕೂ ಇರಲಿಲ್ಲ. 2025ರಲ್ಲಿ ಆಗಸ್ಟ್ 27ಕ್ಕೇ ಬಂದುಬಿಟ್ಟಿತು, ಕೊನೆಯ ದಿನಗಳಲ್ಲಿ ಪರದಾಡಿದೆ.

ಬಿರುಕು ಬಿದ್ದರೆ ತುಂಬಲು ಅದೇ ಮಣ್ಣಿನ ಒಣ ಪುಡಿಯನ್ನು ವಿನೆಗರ್‌ನಲ್ಲಿ ಕಲಸಿಕೊಳ್ಳುತ್ತೇನೆ. ಅದಕ್ಕೆ ಇನ್ನೊಂದು ಸಾಮಾನು ಸೇರಿಸುತ್ತೇನೆ. ಅಡುಗೆಮನೆಯದೇ. ಅದನ್ನು ಹೇಳುವುದಿಲ್ಲ. ಸೊಂಡಿಲು ಜೋಡಿಸುವ ರೀತಿಯನ್ನೂ ಹೇಳುವುದಿಲ್ಲ, ಯಾಕೆಂದರೆ ಕಾಕೂ ನಾಲ್ಕು ಸಲ ಕೇಳಿದರೂ ಹೇಳಿಲ್ಲ.

ಇನ್ನು ಮುಖ್ಯ ವಿಷಯ, ಮಣ್ಣು ವಾಪಸ್ ತೆಗೆಯುವುದು.

2020ರಲ್ಲಿ ನದಿಗೆ ಹೋಗುವಂತಿರಲಿಲ್ಲ, ಪಾಲಿಕೆಯ ಗಾಡಿ ಓಣಿ ಓಣಿಗೆ ವಿಸರ್ಜನೆಯ ನೀರಿನ ತೊಟ್ಟಿ ಹೊತ್ತು ಬರುತ್ತಿತ್ತು. ನಾವು ಮನೆಯಲ್ಲೇ ಬಕೆಟ್ಟಿಗೆ ಇಳಿಸಿದೆವು. ಒಳಗೆ ಇನ್ನೂ ಹಸಿ ಇದ್ದ ಗಣಪ. ಮರುದಿನ ನೋಡಿದರೆ ಮೇಲೆ ಕೆಸರು, ಒಳಗೆ ಗಟ್ಟಿ ಮುದ್ದೆ. ಮೂರನೇ ದಿನವೂ ಅಷ್ಟೇ. ಕೈ ಹಾಕಿ ಹಿಸುಕಲು ಮನಸ್ಸು ಒಪ್ಪಲಿಲ್ಲ, ಹಾಗೇ ಬಿಡಲೂ ಆಗಲಿಲ್ಲ. ಅತ್ತೆ ಅಡುಗೆಮನೆಯಿಂದಲೇ ಅಂದರು: "ನೋಡಿದೇನ, ಹೊಳಿಗೆ ಬಿಡೋದನ್ನ ಬಚ್ಚಲದಾಗ ಇಟ್ರ ಹಿಂಗ ಆಗತೈತಿ."

ಉತ್ತರ ಸಿಕ್ಕಿದ್ದು ಮರುವರ್ಷ, ಅದೂ ಗಣಪನಿಂದಲ್ಲ. ಮಣ್ಣೆತ್ತಿಗೆ ಹಳೆಯ ಮಣ್ಣಿನ ಹೆಂಟೆ ನೆನೆಹಾಕುತ್ತಿದ್ದೆ. ಕಲ್ಲಿನಂತೆ ಒಣಗಿದ್ದ ಹೆಂಟೆಗಳು ನೀರಿಗೆ ಬಿದ್ದ ಕೂಡಲೇ ಗುಳುಗುಳು ಗುಳ್ಳೆ ಬಿಟ್ಟು ಅರ್ಧ ತಾಸಿನಲ್ಲಿ ಹಿಟ್ಟಾದವು. ಅರೆ ಹಸಿ ಇದ್ದ ಒಂದೆರಡು ಉಂಡೆಗಳು ಮಾತ್ರ ರಾತ್ರಿಯ ತನಕ ಉಂಡೆಯಾಗಿಯೇ ಕುಳಿತಿದ್ದವು. ಪೂರ್ತಿ ಒಣಗಿದ ಮಣ್ಣಿನ ಸಂದುಗಳಲ್ಲಿ ಗಾಳಿ ಇರುತ್ತದೆ, ನೀರು ನುಗ್ಗಿ ಗಾಳಿಯನ್ನು ಹೊರಗೆ ತಳ್ಳುವಾಗ ಮಣ್ಣು ತಾನೇ ಸಿಡಿದು ಬಿಚ್ಚಿಕೊಳ್ಳುತ್ತದೆ. ಹಸಿ ಮಣ್ಣಿನಲ್ಲಿ ಆಗಲೇ ನೀರು ತುಂಬಿರುತ್ತದೆ, ಹೊಸ ನೀರಿಗೆ ದಾರಿ ಇಲ್ಲ. ಹಾಗಾಗಿ ಗಣಪ ಬೇಗ ಕರಗಬೇಕೆಂದರೆ ಚೆನ್ನಾಗಿ ಒಣಗಿರಬೇಕು. ಇದನ್ನು ಹೇಳಿದಾಗ ನಮ್ಮನೆಯವರು ನಕ್ಕರು. ಆ ವರ್ಷ ವಿಸರ್ಜನೆ ಮಾಡಿ ಆರತಿ ತಟ್ಟೆ ತೊಳೆದು ಬರುವುದರೊಳಗೆ ಮೂರ್ತಿ ಕುಸಿದಿತ್ತು, ಒಂದು ತಾಸಿನಲ್ಲಿ ತಳಕ್ಕೆ ಸೇರಿತ್ತು. ಆಮೇಲೆ ನಗಲಿಲ್ಲ.

ಅತ್ತೆಯ ತಕರಾರು ಬೇರೆಯದೇ. ಪೂಜಿಸಿದ ಮಣ್ಣನ್ನು ಮತ್ತೆ ಕೈಯಲ್ಲಿ ನಾದುವುದು ಸರಿಯೇ? ನಾನು ವಾದಿಸಲಿಲ್ಲ. ಊರಿನ ಆಚಾರ್ಯರಿಗೆ ಅವರೇ ಫೋನು ಹಚ್ಚಿದರು, ಸ್ಪೀಕರ್ ಮೇಲೆ ಹಾಕಿಸಿದೆ. "ಉತ್ತರಪೂಜಿ ಆಗಿ, ಪುನರಾಗಮನಾಯ ಚ ಅಂತ ಹೇಳಿ ಮೂರ್ತಿ ಅಲಗಿಸಿದ ಮ್ಯಾಲೆ ಅದು ಮಣ್ಣು. ತುಳಿಯೋ ಜಾಗದಾಗ ಚೆಲ್ಲಬ್ಯಾಡ್ರಿ, ಅಷ್ಟ" ಎಂದರು ಅವರು. ಅಂದಿನಿಂದ ಬಕೆಟ್ಟಿಗೆ ಅತ್ತೆಯದೇ ಪಹರೆ. ಚಪ್ಪಲಿ ಹಾಕಿಕೊಂಡು ಬಾಲ್ಕನಿಗೆ ಹೋಗುವಂತಿಲ್ಲ.

ಕರಗಿದ ಮೇಲಿನ ಕೆಲಸ ಸೂಕ್ಷ್ಮ. ಗರಿಕೆ, ಹೂ, ಹತ್ತಿಯ ವಸ್ತ್ರ, ಜನಿವಾರ ಎಲ್ಲವನ್ನೂ ನೀರಿಗೆ ಬಿಡುವ ಮೊದಲೇ ತೆಗೆಯಬೇಕು. ಒಂದು ಎಸಳು ಉಳಿದರೂ ಕೊಳೆಯುತ್ತದೆ. ಹಾಲಿನಂತೆ ಕದಡಿ, ಹಿಟ್ಟಿನ ಜರಡಿಯಲ್ಲೊಮ್ಮೆ, ಹಳೆಯ ವಾಯಿಲ್ ಸೀರೆಯಲ್ಲಿ ಮತ್ತೊಮ್ಮೆ ಸೋಸಿ, ರಾತ್ರಿ ತಂಗಲು ಬಿಟ್ಟರೆ ಬೆಳಿಗ್ಗೆ ಮೇಲೆ ತಿಳಿನೀರು. ಅದನ್ನು ಕುಂಡಗಳಿಗೆ ಹಾಕುತ್ತೇನೆ. ತಳದ ಕೆಸರನ್ನು ದಿಂಬಿನ ಕವರಿಗೆ ಸುರಿದು ಬಚ್ಚಲ ನಲ್ಲಿಗೆ ಕಟ್ಟಿ ತೂಗುಹಾಕುವುದು. ಮೊದಲು ನಮ್ಮನೆಯವರ ಹಳೆಯ ಪ್ಯಾಂಟಿನ ಕಾಲಿಗೆ ಗಂಟು ಹಾಕಿ ತುಂಬಿದ್ದೆ. ನೀರು ಚೆನ್ನಾಗಿಯೇ ಇಳಿಯಿತು, ಅತ್ತೆ ನೋಡಿ ಮೂರು ದಿನ ಮಾತು ಬಿಟ್ಟರು. ದಿಂಬಿನ ಕವರಿಗೆ ಆಕ್ಷೇಪಣೆ ಇಲ್ಲ.

ಒಮ್ಮೆ ಹಸಿಯಾಗಿಯೇ ಮುಚ್ಚಳದ ಬಕೆಟ್ಟಿನಲ್ಲಿ ವರ್ಷವಿಡೀ ಇಟ್ಟೆ. ತೆಗೆದಾಗ ಕಪ್ಪು ಬಣ್ಣ, ಗಟಾರದ ವಾಸನೆ. ಚೆಲ್ಲೋಣ ಎಂದುಕೊಂಡೆ. ಬಿಸಿಲಿಗೆ ಹರವಿದರೆ ವಾಸನೆ ಹೋಯಿತು, ಬಣ್ಣವೂ ವಾಪಸ್ ಬಂತು. ನಾದಿ ನೋಡಿದರೆ ಅಂಥ ಮೆತ್ತನೆಯ ಮಣ್ಣು ಅದಕ್ಕೂ ಮೊದಲು ನನ್ನ ಕೈಗೆ ಸಿಕ್ಕಿರಲಿಲ್ಲ, ಎಳೆದಷ್ಟೂ ಬರುತ್ತಿತ್ತು. ಕುಂಬಾರರು ಮಣ್ಣು ಕೊಳೆಹಾಕುವುದು ಇದಕ್ಕೇ. ಆದರೆ ಎರಡು ಕೋಣೆಯ ಮನೆಯಲ್ಲಿ ಆ ವಾಸನೆ ತಡೆಯಲು ಆಗುವುದಿಲ್ಲ. ಈಗ ಪೂರ್ತಿ ಒಣಗಿಸಿ ಹೆಂಟೆ ಮಾಡಿ ಸ್ಟೀಲ್ ಡಬ್ಬಿಯಲ್ಲಿಡುತ್ತೇನೆ, ಚೌತಿಗೆ ತಿಂಗಳು ಮೊದಲು ನೆನೆಹಾಕಿ ಸ್ವಲ್ಪ ಹುಳಿ ಬರಲು ಬಿಡುತ್ತೇನೆ. ಎರಡೂ ಆಯಿತು.

ಬಣ್ಣದ ವಿಷಯದಲ್ಲಿ ದುಡ್ಡು ಸುಮ್ಮನೆ ಹೋಯಿತು. ಪೋಸ್ಟರ್ ಬಣ್ಣವೆಲ್ಲ ಮಣ್ಣಿಗೆ ಬೆರೆತು ಬೂದಿಯೂ ಅಲ್ಲದ ನೇರಳೆಯೂ ಅಲ್ಲದ ಬಣ್ಣ ಬಂತು, ಬಂಗಾರದ ಚೂರುಗಳು ಎರಡು ವರ್ಷ ಮಿನುಗಿದವು. ಈಗ ಪೀತಾಂಬರಕ್ಕೆ ಅರಿಷಿಣ, ಅಂಚಿಗೆ ಕಾವಿ, ಕಣ್ಣಿಗೆ ಮನೆಯ ಕಾಡಿಗೆ. ಕಾವಿ ಹೇಗೂ ಮಣ್ಣೇ, ಮಣ್ಣಿಗೆ ಸೇರಿಕೊಳ್ಳುತ್ತದೆ. ವರ್ಷ ವರ್ಷ ಸ್ವಲ್ಪ ಸ್ವಲ್ಪ ಸೇರಿ ನಮ್ಮ ಗಣಪ ಈಗ ನಸುಗೆಂಪು. ಅಂಗಡಿಯಲ್ಲಿ ಈ ಬಣ್ಣ ಸಿಗುವುದಿಲ್ಲ.

ಪಂಚಾಮೃತವನ್ನು ಮೂರ್ತಿಗೆ ಹಾಕಬೇಡಿ, ಮುಂದಿಟ್ಟ ಅಡಿಕೆಗೆ ಹಾಕಿ. ಒಮ್ಮೆ ಅತ್ತೆ ಭಕ್ತಿಯಿಂದ ಪಾದಕ್ಕೆ ಹಾಕಿದ್ದರಿಂದ ಐದೂ ದಿನ ಇರುವೆಗಳ ಮೆರವಣಿಗೆ, ಪಾದವೂ ಮೆತ್ತಗಾಯಿತು.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ವಿಜಾಪುರ ಜಿಲ್ಲೆಯ ಇಂಡಿ ಊರಿನ ಕಡೆ ಅಣ್ಣನ ಹೊಲದ ಎರೆಮಣ್ಣು ಒಂದು ಚೀಲ ಬಸ್ಸಿನಲ್ಲಿ ತರಿಸಿದೆ. ಎತ್ತಿಗೆ ಸರಿ, ಸಣ್ಣದು. ಗೇಣುದ್ದದ ಗಣಪನಿಗೆ ಆಗಲಿಲ್ಲ. ಎರೆ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಅಷ್ಟೇ ಕುಗ್ಗುತ್ತದೆ, ಬೇಸಿಗೆಯ ಹೊಲದಲ್ಲಿ ಕಾಲು ಸಿಗುವಂಥ ಬಿರುಕು ಬೀಳುವುದು ಅದಕ್ಕೇ. ಮೂರ್ತಿಯೂ ಹಾಗೇ ಆಯಿತು. ಶಾಡುವಿಗೆ ಹತ್ತಕ್ಕೊಂದು ಪಾಲು ಬೆರೆಸಿದಾಗ ಮಾತ್ರ ಹಿಡಿತ ಚೆನ್ನಾಗಿತ್ತು. ಬೀಜದ ಗಣಪನನ್ನೂ ಮಾಡಿದೆ, ಹೊಟ್ಟೆಯಲ್ಲಿ ಮೆಂತ್ಯ. ಮಳೆಗಾಲದ ತೇವಕ್ಕೆ ಚೌತಿಗೆ ಮೊದಲೇ ಮೊಳಕೆ ಒಡೆದು ಬೆನ್ನು ಸೀಳಿತು. ಮಗಳಿಗೆ ಖುಷಿಯೋ ಖುಷಿ.

ಇನ್ನೊಂದು ಪ್ರಯೋಗ ಕಾಕೂ ಅವರದು. ಶಾಡು ಎಂದು ಹೇಳಿ ಯಾರೋ ಮಾರಿದ ಮೂರ್ತಿ ತಂದಿದ್ದರು. ಎತ್ತಿದಾಗಲೇ ನನಗೆ ಹಗುರ ಅನ್ನಿಸಿತ್ತು, ಹೇಳಿದರೆ ಸಿಟ್ಟು ಬಂದೀತೆಂದು ಸುಮ್ಮನಿದ್ದೆ. ಬಕೆಟ್ಟಿನಲ್ಲಿ ಒಂದು ರಾತ್ರಿ ಕಳೆದರೂ ಅಲ್ಲಾಡಲಿಲ್ಲ. "ವಹಿನೀ, ಹಾ ಕಾಹೀ ವಿರಘಳತ ನಾಹೀ" (ಇದೇನೂ ಕರಗುತ್ತಿಲ್ಲ) ಎಂದು ಬಂದರು. ಪ್ಲಾಸ್ಟರ್ ಆಫ್ ಪ್ಯಾರಿಸ್. ಅದಕ್ಕೆ ನಮ್ಮ ಪುಣೆಯ ಎನ್‌ಸಿಎಲ್ (ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ) ದವರ ಉಪಾಯವಿದೆ, ಅಮೋನಿಯಂ ಬೈಕಾರ್ಬೊನೇಟ್. ಪಾಲಿಕೆ ಅದನ್ನು ಹಬ್ಬಕ್ಕೆ ಹಂಚುತ್ತ ಬಂದಿದೆ. ಹೆಚ್ಚುಕಡಿಮೆ ಮೂರ್ತಿಯ ತೂಕದಷ್ಟೇ ಪುಡಿಯನ್ನು ನೀರಿಗೆ ಹಾಕಿ ಮೂರ್ತಿ ಇಳಿಸಿ, ಆಗಾಗ ಕದಡುತ್ತ ಎರಡು ದಿನ ಬಿಡಬೇಕು. ತಳದಲ್ಲಿ ಸುಣ್ಣದಂಥ ಪುಡಿ ಕೂಡುತ್ತದೆ, ಮೇಲಿನ ನೀರು ಅಮೋನಿಯಂ ಸಲ್ಫೇಟ್, ಅಂದರೆ ಗೊಬ್ಬರ. ತುಂಬ ನೀರು ಬೆರೆಸಿ ಗಿಡಕ್ಕೆ ಹಾಕಬಹುದು. ಬಾಲ್ಕನಿಯಲ್ಲೇ ಇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕಾಕೂ ಅದನ್ನು ಮುಚ್ಚಿದ ಬಚ್ಚಲಲ್ಲಿಟ್ಟು ಅಮೋನಿಯಾ ಘಾಟಿಗೆ ಇಡೀ ಮನೆಯವರು ನಮ್ಮ ಮನೆಗೆ ಊಟಕ್ಕೆ ಬಂದರು. ಕರಗಿದ್ದು ಕರಗಿತು, ಆದರೆ ಆ ಪುಡಿಯಿಂದ ಇನ್ನೊಂದು ಗಣಪ ಆಗುವುದಿಲ್ಲ. ಕಾಕೂ ಶಾಡುವಿನ ಕಡೆ ಬಂದದ್ದು ಹಾಗೆ.

ಒಟ್ಟು ಲೆಕ್ಕ ಬಾಯಿಲೆಕ್ಕವೇ. ಮೊದಲ ವರ್ಷದ 2,000, ಆಮೇಲೆ ವರ್ಷಕ್ಕೆ ನೂರೋ ನೂರೈವತ್ತೋ. ಅಂಗಡಿಯಲ್ಲಿ ಕೊಂಡಿದ್ದರೆ ಇಷ್ಟು ಹೊತ್ತಿಗೆ ಹತ್ತು ಸಾವಿರ ದಾಟುತ್ತಿತ್ತು. ನಮ್ಮನೆಯವರು ನನ್ನ ಕೂಲಿ ಲೆಕ್ಕ ಹಿಡಿದಿಲ್ಲ ಎನ್ನುತ್ತಾರೆ. ಹಿಡಿದರೆ ಅವರೇ ಕೊಡಬೇಕಾಗುತ್ತದೆ.

2026ರಲ್ಲಿ ಅಧಿಕ ಜ್ಯೇಷ್ಠ, ಚೌತಿ ಸೆಪ್ಟೆಂಬರ್ 14ಕ್ಕೆ. ಮಣ್ಣೆತ್ತಿನ ಅಮಾವಾಸ್ಯೆಯೂ ಜುಲೈ ನಡುವಿಗೆ ಸರಿಯುವುದರಿಂದ ಹೆಚ್ಚಿನ ದಿನವೇನೂ ಸಿಗುವುದಿಲ್ಲ. ಆಗಸ್ಟ್ ಮೊದಲ ವಾರವೇ ಮೂರ್ತಿ ಮುಗಿಸಿಬಿಡಿ. ಹೊಸ ಶಾಡುವಿಗೆ ಸ್ವಲ್ಪ ಹಳೆಯ ಮಣ್ಣು ಬೆರೆಸಿದರೆ ಬೇಗ ಹದಕ್ಕೆ ಬರುತ್ತದೆ. ಇಲ್ಲಿನ ನಮ್ಮ ಕನ್ನಡದ ಹೆಂಗಸರು ಕೆಲವರು ಕೇಳಿದ್ದಾರೆ, ಮುಷ್ಟಿಯಷ್ಟು ಕೊಡುತ್ತೇನೆ. ಬರುವಾಗ ಡಬ್ಬಿ ತನ್ನಿ. ಹೋದ ಸಲ ಒಯ್ದ ನನ್ನ ಎರಡು ಡಬ್ಬಿ ಇನ್ನೂ ವಾಪಸ್ ಬಂದಿಲ್ಲ.